ಪಡಸಾಲೆ ಮೂಲೆಯ ಹಸಿ

ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದ ಕೈಚೀಲದಿಂದ ಜಕ್ಕಪ್ಪ ನಾಯಿಮರಿಯನ್ನು ತೆಗೆದು ಪಡಸಾಲೆಯ ಫರಸಿಯ ಮೇಲೆ ಬಿಟ್ಟ. ಅದು ನಾಲ್ಕೂ ಕಾಲು ನಡುಗಿಸುತ್ತ ನಿಂತು, ಸುತ್ತಲೂ ಒಮ್ಮೆ ನೋಡಿ, ಅಲ್ಲೇ ಉಚ್ಚೆ ಹೊಯ್ದಿತು. ಹೆಂಡತಿ ಸುಂದರವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಏನಿದು?”

“ನಾಯಿಮರಿ.”

“ಕಣ್ಣ ಕಾಣಸ್ತಾವ ನಂಗ. ಯಾಕ ತಂದ್ರಿ?”

“ಸಾಹೇಬ್ರಿಗೆ ವರ್ಗ ಆತು. ಅವರ ಮನ್ಯಾಗಿನ ನಾಯಿ ಮರಿ ಹಾಕಿತ್ತು. ‘ಜಕ್ಕಪ್ಪ, ನೀ ಒಂದು ತಗೊಂಡ ಹೋಗು’ ಅಂದ್ರು ಬಾಯೀಸಾಹೇಬ್ರು. ಒಲ್ಲೆ ಅನ್ನಾಕ ಬರ್ತೈತೇನ?”

ಜಕ್ಕಪ್ಪ ಜಮಖಂಡಿಯ ಸರಕಾರಿ ಕಚೇರಿಯೊಂದರಲ್ಲಿ ಕಾರಕೂನ. ಒಲ್ಲೆ ಅನ್ನುವುದು ಅವನಿಗೆ ಮನೆಯಲ್ಲಿ ಮಾತ್ರ ಬರುತ್ತಿತ್ತು.

ಮೂಲೆಯಲ್ಲಿ ಕರೇ ಕಂಬಳಿಯ ಮೇಲೆ ಕೂತಿದ್ದ ಅವನ ತಾಯಿ ಯಲ್ಲಕ್ಕ ಕುತ್ತಿಗೆ ಚಾಚಿ ನೋಡಿದಳು. ಆ ಸೀಮೆಯಲ್ಲಿ ನಾಯಿ ಎಂದರೆ ಒಂದೋ ಟೊಂಕದೆತ್ತರದ ಮುಧೋಳದ ಬೇಟೆನಾಯಿ, ಇಲ್ಲವೇ ಕೊರಳಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಕುರಿಹಟ್ಟಿ ಕಾಯುವ ನಾಯಿ. ಇದು ಅಂಗೈಯಷ್ಟಿತ್ತು. ಮೈತುಂಬ ಬಿಳಿ ಕೂದಲು, ಅದರೊಳಗೆ ಎರಡು ಕರಿ ಕಣ್ಣು.

“ಇದು ನಾಯಿ ಏನಲೇ ಜಕ್ಯಾ? ಹಿಂಜಿದ ಹತ್ತಿ ಇದ್ದಂಗ ಐತಿ. ನಮ್ಮ ಹಟ್ಟ್ಯಾಗಿನ ನಾಯಿ ಒಂದ ಸಲ ಸೀನಿದ್ರ ಹಾರಿ ಹೋಗತೈತಿ.” ಹಾಗೆಂದು ಆಕೆ ಹಸಿ ನೆಲವನ್ನೂ ಮರಿಯನ್ನೂ ನೋಡಿ ನಕ್ಕಳು. ಗಂಡ ಸತ್ತಮೇಲೆ ಆಕೆ ನಕ್ಕದ್ದು ಅದೇ ಮೊದಲು. ಅದನ್ನು ಜಕ್ಕಪ್ಪನೂ ನೋಡಿದ, ಸುಂದರವ್ವನೂ ನೋಡಿದಳು. ಹಾಗಾಗಿ ಮರಿ ಉಳಿಯಿತು.

“ಇರಲಿ,” ಎಂದಳು ಸುಂದರವ್ವ. “ಆದ್ರ ನೆಲಾ ಒರಸೂದು ನನ್ನ ಕೈಲೆ ಆಗೂದಿಲ್ಲ. ಒಂದು ವರ್ಷ ಒರಸೇನಿ. ಸಾಕಾಗೈತಿ.”

ಜಕ್ಕಪ್ಪ ಕಾಲು ತೊಳೆಯಲು ಬಚ್ಚಲಿಗೆ ಹೋದ. ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು.

ಒರೆಸಿದ್ದು ಮಾವ ಪಾಂಡಪ್ಪನದು. ಪಾಂಡಪ್ಪ ಅನಗವಾಡಿಯಲ್ಲಿ ಕುರಿ ಕಾಯ್ದು ಮಗನನ್ನು ಓದಿಸಿದವನು. ಕಾಲು ಸೋತಮೇಲೆ ಕುರಿ ಮಾರಿ, ಹೆಂಡತಿಯನ್ನು ಕರೆದುಕೊಂಡು ಜಮಖಂಡಿಗೆ ಮಗನ ಮನೆಗೆ ಬಂದ. ಬಂದು ಸ್ವಲ್ಪ ದಿನಕ್ಕೇ ಅರ್ಧ ಮೈ ಬಿದ್ದುಹೋಯಿತು. ಪಡಸಾಲೆಯ ಇದೇ ಮೂಲೆಯಲ್ಲಿ, ಮನೆದೇವರು ಬೀರೇಶ್ವರನ ಜಗಲಿಯ ಕೆಳಗೆ, ಇದೇ ಕಂಬಳಿಯ ಮೇಲೆ ಮಲಗಿದ. ಉಚ್ಚೆ ನಿಲ್ಲುತ್ತಿರಲಿಲ್ಲ. ಸುಂದರವ್ವ ಒರೆಸಿದಳು, ತೊಳೆದಳು, ಬೈದಳು, ಮತ್ತೆ ಒರೆಸಿದಳು. ಹೊತ್ತು ಮುಳುಗಿದ ಮೇಲೆ ಮುದುಕನಿಗೆ ನೀರು ಕೊಡುವುದು ಬಿಟ್ಟಳು. ಅದಕ್ಕೂ ಜಗ್ಗದಾದಾಗ, ಮನೆಗೆ ಬಂದವರು ಮೂಗು ಮುಚ್ಚಿಕೊಳ್ಳತೊಡಗಿದಾಗ, ಗಂಡಹೆಂಡಿರು ಸೇರಿ ಹಿತ್ತಲದ ಪತ್ರಾಸಿನಲ್ಲಿ ಮಂಚ ಹಾಕಿ ಅವನನ್ನು ಅಲ್ಲಿಗೆ ಸಾಗಿಸಿದರು. ಪತ್ರಾಸು ಎಂದರೆ ತಗಡಿನ ಗೋಡೆ, ತಗಡಿನ ಮಾಡು, ಕಟ್ಟಿಗೆ ಕುಳ್ಳು ತುಂಬಿಡುವ ಜಾಗ. ಪುಷ್ಯ ಮಾಸದ ಚಳಿಯಲ್ಲಿ ಒಂದು ಬೆಳಗ್ಗೆ ಯಲ್ಲಕ್ಕ ಚಹಾ ತೆಗೆದುಕೊಂಡು ಹೋದಾಗ ಪಾಂಡಪ್ಪನ ಕೈ ತಣ್ಣಗಾಗಿತ್ತು.

ಅನಗವಾಡಿಗೆ ಸುದ್ದಿ ಕಳಿಸುವ ಮುಂಚೆ ಹೆಣವನ್ನು ಎತ್ತಿ ತಂದು ಮೂಲೆಯಲ್ಲಿ ಮಲಗಿಸಿದರು. ಜಗಲಿ ಕೆಳಗೇ ಜೀವ ಬಿಟ್ಟ ಎಂದು ಬಂದವರಿಗೆಲ್ಲ ಹೇಳಿದರು. ಪುಣ್ಯವಂತನ ಸಾವು ಎಂದು ಬಂದವರು ಹೇಳಿ ಹೋದರು. ಆಮೇಲೆ ಮನೆಯಲ್ಲಿ ಆ ಮಾತು ಎತ್ತಿದವರಿಲ್ಲ. ಜಕ್ಕಪ್ಪ ಮಾತ್ರ ಮೊದಲು ಪತ್ರಾಸಿನಲ್ಲಿ ಇಡುತ್ತಿದ್ದ ಸೈಕಲ್ಲನ್ನು ಅಂಗಳದಲ್ಲೇ ಮಳೆಗೆ ಬಿಡತೊಡಗಿದ. ಕುಳ್ಳು ಬೇಕಾದಾಗ ಸುಂದರವ್ವ ಮಗಳನ್ನು ಕಳಿಸುತ್ತಿದ್ದಳು.

ಮಗಳು ತಾರವ್ವ ಐದನೇ ಇಯತ್ತೆ. ಮರಿಗೆ ಹೊರಗೆ ಹೋಗುವುದನ್ನು ಕಲಿಸುವ ಬಗೆಯನ್ನು ಅವಳು, ಬಾಯೀಸಾಹೇಬರು ಊರು ಬಿಡುವ ಮುಂಚೆ, ಅವರ ಮನೆಗೇ ಹೋಗಿ ಕೇಳಿಕೊಂಡು ಬಂದಳು. “ಹಾಲು ಕುಡದ ಕೂಡ್ಲೆ ಹೊರಗ ಒಯ್ಯಬೇಕಂತ. ನಿದ್ದಿಯಿಂದ ಎದ್ದ ಕೂಡ್ಲೆ ಒಯ್ಯಬೇಕಂತ. ನೆಲಾ ಮೂಸಿ ಗಿರಗಿರ ತಿರಗಾಕತ್ರ ಓಡಿ ಎತ್ಕೊಬೇಕಂತ. ದಿನಾ ಒಂದ ಜಾಗಾಕ್ಕ ಒಯ್ಯಬೇಕು, ದಿನಾ ಒಂದ ಮಾತ ಅನ್ನಬೇಕು. ಮಾಡಿದ ಕೂಡ್ಲೆ ಏನರೆ ತಿನ್ನಾಕ ಕೊಡಬೇಕು. ಸಿಟ್ಟ ಮಾಡಬಾರ್ದಂತ.”

“ನೀ ಸಾಲಿಗೆ ಹೋದಮ್ಯಾಲ ಯಾರ ಮಾಡಾವ್ರು ಈ ಸೇವಾ?” ಎಂದಳು ಸುಂದರವ್ವ.

ಯಾರು ಮಾಡುವವರು ಎನ್ನುವುದು ಕೇಳಿದವಳಿಗೇ ಗೊತ್ತಿತ್ತು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವಳು. ಸೆರಗಿನ ತುದಿಗೆ ಬೆಲ್ಲದ ಚೂರು ಗಂಟು ಹಾಕಿಕೊಂಡಳು. ಬೆಳಗಿನ ಹಾಲಾದ ಮೇಲೆ, ಮಧ್ಯಾಹ್ನದ ನುಚ್ಚಾದ ಮೇಲೆ, ಮರಿ ಕಣ್ಣು ತೆರೆದಾಗೆಲ್ಲ ಅದನ್ನು ಎತ್ತಿಕೊಂಡು ಹಿತ್ತಲದ ನುಗ್ಗೆಗಿಡದ ಬುಡಕ್ಕೆ ಒಯ್ದು ಬಿಡುವಳು. “ಹೊಯ್ಯಿ, ಬಿಳ್ಯಾ, ಹೊಯ್ಯಿ,” ಎನ್ನುತ್ತ ಕಾಯುವಳು. ಒಲೆ ಮೇಲೆ ಸಾರು ಉಕ್ಕಿದರೂ ಕಾಯುವಳು. ಅದು ಕೂತು ಹೊಯ್ದಾಗ “ಶಾಣ್ಯಾ ನನ್ನ ಕೂಸು!” ಎಂದು ಬೆಲ್ಲ ತಿನ್ನಿಸುವಳು. ನುಗ್ಗೆಗಿಡದ ಆಚೆಗೇ ಪತ್ರಾಸಿತ್ತು. ಸುಂದರವ್ವ ಯಾವಾಗಲೂ ಅದಕ್ಕೆ ಬೆನ್ನು ಮಾಡಿ ನಿಲ್ಲುವಳು. ಮರಿ ಮಾತ್ರ ತನ್ನ ಕೆಲಸ ಮುಗಿಸಿ ನೇರ ಅಲ್ಲಿಗೆ ಓಡಿ, ತಗಡಿನ ಬಾಗಿಲಿನ ಕೆಳಗಿನ ಸಂದಿಗೆ ಮೂತಿ ಹಚ್ಚಿ ಮೂಸುತ್ತ ಕುಂಯ್ ಎನ್ನುವುದು. ಅವಳು ತಿರುಗಿ ನೋಡದೆಯೇ “ಬಾ ಇತ್ಲಾಗ!” ಎಂದು ಕೂಗುವಳು.

ಯಲ್ಲಕ್ಕ ಹಿಂಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಎಲ್ಲರೂ ಉಣ್ಣಲು ಕೂತಾಗ ತಟ್ಟೆಯ ಮುಂದೆ ಕೈ ಕಟ್ಟಿಕೊಂಡಳು.

“ಯಾಕ್ರಿ ಅತ್ತಿ, ಪುಂಡಿಪಲ್ಲೆ ಆಗಿಬರವಲ್ದೇನ?”

“ಛಲೋ ಆಗೈತಿ.” ಮುದುಕಿ ಸೊಸೆಯ ಸೆರಗಿನ ಗಂಟನ್ನು ನೋಡಿದಳು. “ಹೊತ್ತೊತ್ತಿಗಿ ಎತ್ಕೊಂಡ ಹೊರಗ ಹೋಗಿ ನಿಂದರ್ತಿ. ಮೈದಡವತಿ. ಬೆಲ್ಲಾ ಕೊಡ್ತಿ. ಭಾಳ ತಾಳ್ಮಿ ಐತಿ ನಿನ್ನ ಕಡೆ. ಹ್ವಾದ ವರ್ಷ ಎಲ್ಲಿ ಇಟ್ಟಿದ್ದಿ ಇದನ್ನ?”

ಸುಂದರವ್ವನ ಮುಖ ಕೆಂಪಾಯಿತು. “ಇದು ಅಂಗೈಯಾಗ ಹಿಡಿತೈತ್ರಿ. ಮಾವನ್ನ ಎತ್ತಾಕ ನಾಕ ಮಂದಿ ಬೇಕಾಗಿತ್ತು. ನಾ ಒಬ್ಬಾಕಿ ಇದ್ದೆ. ನಿಮ್ಮ ಮಗಾ ಎಲ್ಲಿದ್ದ? ಆಪೀಸ್ ಬಿಟ್ಟ ಮ್ಯಾಲೂ ಚಹಾದಂಗಡ್ಯಾಗ ಕುಂದರತಿದ್ದ, ಮನೀಗೆ ಬಂದ್ರ ನಾರತೈತಿ ಅಂತ. ಕೇಳ್ರಿ ಅವನ್ನ!”

“ಉಣ್ಣಾಕ ಬಿಡ್ತೀರಿಲ್ಲೊ?” ಎಂದು ಜಕ್ಕಪ್ಪ ತಟ್ಟೆ ದೂಡಿ ಎದ್ದ. ಅಂದು ಉಳಿದ ರೊಟ್ಟಿಯನ್ನು ಮರುದಿನ ಮುಟಗಿ ಮಾಡಿದರು.

ಮರಿ ಬೇಗ ಕಲಿಯಿತು. ಹಗಲಿಡೀ ಪಡಸಾಲೆ ಒಣಗಿದ್ದೇ ಇರುತ್ತಿತ್ತು. ಅವಸರವಾದರೆ ಹಿಂಬಾಗಿಲಿಗೆ ಹೋಗಿ ಉಗುರಿನಿಂದ ಕೆರೆಯುತ್ತಿತ್ತು. ತಾರವ್ವ ಸಾಲಿಯಿಂದ ಬಂದವಳು ಅದನ್ನು ನೋಡಿ ಕೈ ತಟ್ಟುವಳು. ಆದರೆ ಬೆಳಗಾದರೆ ಮೂಲೆ ಹಸಿ. ರಾತ್ರಿ ಅದು ಯಲ್ಲಕ್ಕನ ಮಗ್ಗುಲಲ್ಲಿ, ಕಂಬಳಿಯೊಳಗೆ ಮಲಗುತ್ತಿತ್ತು. ಮುದುಕಿ ಎಲ್ಲರಿಗಿಂತ ಮೊದಲೆದ್ದು ಕಂಬಳಿ ಮಡಚಿ ಗೋಡೆಗೆ ಇಟ್ಟು ಬಚ್ಚಲಿಗೆ ಹೋಗಿರುತ್ತಿದ್ದಳು. ಸುಂದರವ್ವ ಕಸಬರಿಗೆ ಹಿಡಿದು ಬಂದರೆ ಫರಸಿಯ ಮೇಲೆ ಕರಿಮಚ್ಚೆ. ಮಾವ ಮಲಗುತ್ತಿದ್ದ ಜಾಗದಲ್ಲೇ, ಅದೇ ವಾಸನೆ.

ಬೂದಿ ಹಾಕಿ ತಿಕ್ಕಿದಳು. ಸುಣ್ಣದ ನೀರು ಸುರಿದಳು. ಪಿನಾಯಿಲು ತರಿಸಿದಳು. ಯಾವುದಕ್ಕೂ ಹೋಗಲಿಲ್ಲ.

“ಆ ಕಂಬಳಿ ತೊಳದ ಹಾಕತೇನಿ, ಕೊಡ್ರಿ ಇಲ್ಲಿ,” ಎಂದಳು ಅತ್ತೆಗೆ. “ವಾಸನಿ ಅದರಾಗ ಕುಂತೈತಿ. ಅದಕ್ಕ ಮರಿ ಅಲ್ಲೇ ಹೊಯ್ತೈತಿ.”

ಯಲ್ಲಕ್ಕ ಕಂಬಳಿಯನ್ನು ಎದೆಗೆ ಅವುಚಿಕೊಂಡಳು. “ಕಂಬಳಿ ಯಾರರೆ ತೊಳೀತಾರೇನ? ಬೀರಪ್ಪನ ಒಕ್ಕಲಾಗಿ ಹುಟ್ಟಿ ಇದೆಂಥಾ ಮಾತು? ಕಂಬಳಿಗಿ ಮೈಲಿಗಿ ಇಲ್ಲ.”

“ಮೈಲಿಗಿ ಇಲ್ರಿ, ವಾಸನಿ ಐತಿ.”

“ಅವನ ವಾಸನಿ. ಇರವಲ್ದ್ಯಾಕ?”

ಕಂಬಳಿಯನ್ನು ನೀರಿಗೆ ಹಾಕದಿರುವುದು ತವರಲ್ಲಿ ಸುಂದರವ್ವನೂ ಕಲಿತದ್ದೇ. ಸಿಟ್ಟು ಮರಿಯ ಮೇಲೆ ತಿರುಗಿತು. ಪಕ್ಕದ ಮನೆಯ ಹಣಮವ್ವ ಬೇರೆ ಗೋಡೆ ಮೇಲಿಂದ ಬಗ್ಗಿ, “ಮೂತಿ ಹಿಡದ ಅದರಾಗ ತಿಕ್ಕಬೇಕವಾ, ಅಂದ್ರ ತಿಳೀತೈತಿ,” ಎಂದು ಹೇಳಿಕೊಟ್ಟಳು. ಮರುದಿನ ಬೆಳಗ್ಗೆ ಸುಂದರವ್ವ ಹಾಗೇ ಮಾಡಿದಳು. ಹಳೆಯ ಪೇಪರು ಸುರುಳಿ ಸುತ್ತಿ ಬೆನ್ನಿಗೆ ಎರಡು ಬಿಟ್ಟಳು. ಮರಿ ಏನು ತಪ್ಪು ಮಾಡಿದೆನೆಂದು ತಿಳಿಯದೆ ಅವಳ ಕಾಲಿಗೇ ಬಂದು ಸುತ್ತಿಕೊಂಡಿತು.

“ಅವ್ವಾ, ಹೊಡೀಬ್ಯಾಡ! ಹಗಲೆಲ್ಲಾ ಹೊರಗ ಹೋಗ್ತೈತಿ, ನೀನೂ ನೋಡೀದಿ!”

“ಬೆಳಕ ಹರಿದ್ರ ಇಲ್ಲಿ ಹೊಯ್ದಿರತೈತಿ. ಅದನ್ನೂ ನೋಡೇನಿ.”

ಯಲ್ಲಕ್ಕ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ಪೇಪರಿನ ಏಟು ಬಿದ್ದಾಗೊಮ್ಮೆ ಆಕೆಯ ಭುಜ ಅಲುಗುತ್ತಿತ್ತು. ಮರಿಯನ್ನು ಬಿಡಿಸಿಕೊಳ್ಳಲು ಮಾತ್ರ ಏಳಲಿಲ್ಲ. ಅಂದು ಸಂಜೆ ತನ್ನ ಪಾಲಿನ ಹಾಲನ್ನು ಪೂರಾ ಮರಿಗೆ ಕುಡಿಸಿದಳು. ಊಟಕ್ಕೆ ಕೂತಾಗ ತಾರವ್ವ ಚರಿಗೆ ಕೊಟ್ಟರೆ “ನೀರ ಒಲ್ಲೆ” ಎಂದಳು. ಇತ್ತಿತ್ತಲಾಗಿ ದೀಪ ಹಚ್ಚಿದ ಮೇಲೆ ಆಕೆ ನೀರು ಕುಡಿಯುವುದನ್ನು ಯಾರೂ ನೋಡಿರಲಿಲ್ಲ. ಚಳಿಗಾಲವಲ್ಲವೇ ಎಂದುಕೊಂಡರು.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅದು ಮುಗಿದ ರವಿವಾರ ಪಾಂಡಪ್ಪನ ವರ್ಷದ ಕಂಬಳಿ. ಸತ್ತವನು ಎಲ್ಲಿ ಕಡೆಯ ಉಸಿರು ಬಿಟ್ಟನೋ ಅದೇ ಜಾಗದಲ್ಲಿ ವರ್ಷ ತುಂಬಿದಾಗ ಹೊಸ ಕಂಬಳಿ ಹಾಸಿ, ಅರಿಶಿಣದ ಭಂಡಾರ ಹಾರಿಸಿ, ಎಡೆ ಇಡಬೇಕು. ಆಗ ಹಿರಿಯ ಬಂದು ಕೂತು ಉಂಡು ತೃಪ್ತನಾಗಿ ಹೋಗುತ್ತಾನೆ ಎನ್ನುವುದು ಅವರ ಮನೆತನದ ನಂಬಿಕೆ. ಕಂಬಳಿ ತರಬೇಕಾದವನು ಅನಗವಾಡಿಯ ಕಾಮಣ್ಣ. ಪಾಂಡಪ್ಪನ ತಮ್ಮನ ಮಗ, ಮನೆತನದ ಪೂಜಾರಿ, ಇನ್ನೂ ಕುರಿ ಬಿಡದವನು.

ಜಕ್ಕಪ್ಪ ಹೇಳಿಬಿಟ್ಟ: “ಕಂಬಳಿ ಹಾಸೂ ಜಾಗಾ ಅದು. ಕಾಮಣ್ಣ ಬರೂದ್ರಾಗ ಇದು ಕಲತ್ರ ಛಲೋ. ಇಲ್ಲಂದ್ರ ಅವನ ಕೂಡ ಹಟ್ಟೀಗೆ ಕಳಸ್ತೇನಿ.”

“ಅಪ್ಪಾ, ಅಲ್ಲಿ ನಾಯಿ ಇದನ್ನ ಹರದ ತಿಂತಾವು!”

“ಹಂಗಾರ ಕಲಸು.”

ಹುಡುಗಿ ಅಳುತ್ತ ಅಜ್ಜಿಯ ಮಡಿಲಿಗೆ ಬಿದ್ದಳು. ಯಲ್ಲಕ್ಕ ಅವಳ ತಲೆಯನ್ನೂ ಮರಿಯ ತಲೆಯನ್ನೂ ಒಂದೇ ಕೈಯಿಂದ ಸವರುತ್ತ ಕೂತಳು.

“ರಾತ್ರಿ ಇದನ್ನ ಪತ್ರಾಸಿನ್ಯಾಗ ಹಾಕಿ ಚಿಲಕಾ ಹಾಕೂಣು,” ಎಂದಳು ಸುಂದರವ್ವ. ಬಾಯಿಂದ ಬಂದ ಮೇಲೆ ತಾನು ಏನಂದೆ ಎಂದು ಅವಳಿಗೇ ಕೇಳಿಸಿತು.

“ಅಲ್ಲಿ ಹಾಕಬ್ಯಾಡ್ರಿ!” ಯಲ್ಲಕ್ಕ ಚೀರಿದ್ದು ಹಣಮವ್ವನ ಮನೆಗೂ ಕೇಳಿರಬೇಕು. “ಚಳಿಗಿ ಸಾಯತೈತಿ ಅಲ್ಲಿ. ಕೂಗಿದ್ರ ಯಾರಿಗೂ ಕೇಳಸೂದಿಲ್ಲ ಅಲ್ಲಿಂದ!”

ಹಿತ್ತಲದಲ್ಲಿ ಪತ್ರಾಸಿನ ತಗಡು ಸಪ್ಪಳ ಮಾಡಿತು. ಹೊಳೆಯ ಕಡೆಯಿಂದ ಗಾಳಿ ಬೀಸಿದರೆ ಅದು ಹಾಗೇ ಬಡಿದುಕೊಳ್ಳುತ್ತಿತ್ತು. ಚಿಕ್ಕಪಡಸಲಗಿಯಲ್ಲಿ ರೈತರು ಬಾಂದು ಕಟ್ಟಿ ನೀರು ನಿಲ್ಲಿಸಿದ ಮೇಲೆ ಗಾಳಿಗೂ ಚಳಿ ಹೆಚ್ಚಾಗಿದೆ ಎಂದು ಮಂದಿ ಮಾತಾಡಿಕೊಳ್ಳುತ್ತಿದ್ದರು. ಕಡೆಗೆ ಜಕ್ಕಪ್ಪ ಮರಿಯನ್ನು ಎತ್ತಿ ಅಡಿಗೆಮನೆಯಲ್ಲಿ, ಒಲೆಯ ಮಗ್ಗುಲಿಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿದ.

ಬೆಳಗ್ಗೆ ಚಿಲಕ ತೆಗೆದವಳು ತಾರವ್ವ. “ಅವ್ವಾ, ಒಣಾ ಐತಿ! ಎಲ್ಲಾ ಒಣಾ ಐತಿ!” ಎಂದು ಕುಣಿದಳು. ಮರಿ ಬೂದಿಯ ಬಿಸುಪಿನಲ್ಲಿ ಸುರುಳಿಯಾಗಿ ಮಲಗಿತ್ತು. ನಗುತ್ತ ಕಸಬರಿಗೆ ಹಿಡಿದು ಪಡಸಾಲೆಗೆ ಬಂದ ಸುಂದರವ್ವ ಅಲ್ಲೇ ನಿಂತಳು.

ಮೂಲೆ ಹಸಿಯಾಗಿತ್ತು.

ಬಗ್ಗಿ ಬೆರಳಿಂದ ಮುಟ್ಟಿ ನೋಡಿದಳು. ಮೂಸಿದಳು. ಕಸಬರಿಗೆ ಕೈಯಿಂದ ಬಿತ್ತು. ಬಚ್ಚಲಿನಿಂದ ಬಂದ ಅತ್ತೆಯನ್ನು ಕೇಳಿದಳು: “ಅತ್ತಿ, ಮರಿ ಒಳಗಿತ್ತು. ಚಿಲಕಾ ಹಾಕಿತ್ತು. ಇದೇನ್ರಿ?”

ಯಲ್ಲಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಸೊಸೆಯ ಮುಖವನ್ನು ನೋಡಲಿಲ್ಲ. “ನಂಗೇನ ಗೊತ್ತವಾ,” ಎಂದಳು. ಮಡಚಿಟ್ಟ ಕಂಬಳಿಯನ್ನು ಗೋಡೆಗೆ ಇನ್ನಷ್ಟು ಒತ್ತಿ, “ಅವನ ಜಾಗಾ ಅದು,” ಎಂದಳು.

ಅಂದು ಆ ಮನೆಯಲ್ಲಿ ಒಲೆ ಹೊತ್ತಿದ್ದು ಸೂರ್ಯ ನೆತ್ತಿಗೆ ಬಂದ ಮೇಲೆ. ಜಕ್ಕಪ್ಪ ಉಪವಾಸವೇ ಕಚೇರಿಗೆ ಹೋದ. ಸುಂದರವ್ವ ಹೊಸ್ತಿಲ ಮೇಲೆ ಕೂತು ಒಂದೇ ಸಮ ಅದೇ ಮಾತಾಡಿದಳು: “ಮಾವ ಬಂದಾನ. ನೀರ ಕೇಳಾಕ ಬಂದಾನ. ನಾ ನೀರ ಕೊಡಲಿಲ್ಲಲ್ಲ, ಅದಕ್ಕ ಬಂದಾನ.” ಪಾಂಡಪ್ಪ ಪತ್ರಾಸಿನಿಂದ ಕೂಗುತ್ತಿದ್ದದ್ದು ನೀರಿಗೇ. ಅದು ಅವಳಿಗೆ ಆಗಲೂ ಕೇಳಿಸಿತ್ತು. ಕೇಳಿಸಿಯೂ ಮಗ್ಗುಲು ಬದಲಿಸಿ ಮಲಗಿದ್ದಳು. ಇಷ್ಟು ದಿನ ಯಾರೆದುರೂ ಆಡದ ಈ ಮಾತನ್ನು ಈಗ ಹತ್ತು ವರ್ಷದ ಮಗಳ ಮುಂದೆ ಆಡಿಬಿಟ್ಟಳು. ತಾರವ್ವ ಮರಿಯನ್ನು ಎತ್ತಿಕೊಂಡು ಹಣಮವ್ವನ ಮನೆಗೆ ಓಡಿದಳು.

ಅಂದು ದೀಪ ಹಚ್ಚುವ ಹೊತ್ತಿಗೆ ಸುಂದರವ್ವ ಹಿತ್ತಾಳೆ ಚರಿಗೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ನೀರು ತುಂಬಿ, ಮೂಲೆಯಲ್ಲಿಟ್ಟು ಕೈಮುಗಿದಳು. “ಕುಡೀರಿ ಮಾವಾ. ಎಷ್ಟ ಬೇಕೋ ಅಷ್ಟ ಕುಡೀರಿ.”

ಬೆಳಗ್ಗೆ ಚರಿಗೆ ಖಾಲಿಯಾಗಿತ್ತು. ಮೂಲೆ ಇನ್ನಷ್ಟು ಹಸಿಯಾಗಿತ್ತು.

ಮುಂದೆ ದಿನವೂ ಇದೇ ಆಯಿತು. ಮರಿ ಅಡಿಗೆಮನೆಯಲ್ಲಿ ಒಣಗಿದ ನೆಲದ ಮೇಲೆ ಮಲಗಿರುತ್ತಿತ್ತು, ಪಡಸಾಲೆಯಲ್ಲಿ ಚರಿಗೆ ಖಾಲಿ ಇರುತ್ತಿತ್ತು. ಜಕ್ಕಪ್ಪ ಲೈಟು ಉರಿಸಿಕೊಂಡೇ ಮಲಗತೊಡಗಿದ. ಕರೆಂಟಿನ ಬಿಲ್ಲಿನ ಮಾತೇ ಎತ್ತಲಿಲ್ಲ. ಸುಂದರವ್ವ ಸೊರಗಿದಳು. ಹಿತ್ತಲಕ್ಕೆ ಹೋದರೆ ತಗಡಿನ ಸಪ್ಪಳದಲ್ಲಿ ನೀರು, ನೀರು ಎಂದು ಕೇಳುತ್ತದೆ ಎಂದಳು. ಮರಿಯನ್ನು ನುಗ್ಗೆಗಿಡಕ್ಕೆ ಒಯ್ಯುವ ಕೆಲಸ ಮತ್ತೆ ಹುಡುಗಿಯ ಪಾಲಿಗೆ ಬಂತು. ಅತ್ತೆಗೆ, “ನೀವರೆ ಆ ಮೂಲ್ಯಾಗ ಮಲಗೂದ ಬಿಡ್ರಿ, ಅಂಜಿಕಿ ಬರೂದಿಲ್ಲೇನ?” ಎಂದು ಕೇಳಿದಳು. “ನಂಗ ಅವನ ಅಂಜಿಕಿ ಇಲ್ಲ,” ಎಂದಳು ಯಲ್ಲಕ್ಕ. ಯಾರ ಅಂಜಿಕೆ ಇದೆ ಎಂದು ಯಾರೂ ಕೇಳಲಿಲ್ಲ.

ರವಿವಾರ ಬೆಳಗ್ಗೆ ಕಾಮಣ್ಣ ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು, ಭಂಡಾರದ ಚೀಲ ಹಿಡಿದು ಬಸ್ಸಿಳಿದು ಬಂದ. ಹಣೆ ತುಂಬ ಅರಿಶಿಣ, ದೊಡ್ಡ ದನಿ. ಸುಂದರವ್ವ ಎಡೆಗೆ ಸಜ್ಜೆರೊಟ್ಟಿ, ಬದನೆಕಾಯಿ, ಗುರೆಳ್ಳ ಹಿಂಡಿ ಎಲ್ಲ ಮಾಡಿದ್ದಳು. ಎಲ್ಲಕ್ಕೂ ಮೊದಲು ಒಂದು ಕೊಡ ನೀರು ತಂದಿಟ್ಟಿದ್ದಳು. ಜಕ್ಕಪ್ಪ ನಡೆದದ್ದನ್ನು ಹೇಳಿದ. ಪತ್ರಾಸಿನ ಮಾತೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದ.

ಕಾಮಣ್ಣ ಮೂಲೆಯನ್ನು ನೋಡಿದ. ತಾರವ್ವನ ಕೈಯಲ್ಲಿದ್ದ ಮರಿಯನ್ನು ನೋಡಿದ. “ಇದಕ್ಕ ದೇವ್ರನ್ನ ಕೇಳೂದು ಬ್ಯಾಡ ಬಿಡು. ನಾಯಿ ಅಂದ್ರ ಹಟ್ಟಿ ಕಾಯೂದು. ಬೀರಪ್ಪನ ಜಗಲಿ ಕೆಳಗ, ದೊಡ್ಡಪ್ಪ ಜೀವಾ ಬಿಟ್ಟ ಜಾಗಾದಾಗ ನಾಯಿ ಮಲಗಿಸಿದ್ರ ಅಂವಾ ಸುಮ್ಮಿರತಾನೇನ? ಇವತ್ತ ನಾ ಇದನ್ನ ಒಯ್ತೇನಿ. ನಾಳಿಂದ ನಿಮ್ಮ ಮೂಲಿ ಒಣಗತೈತಿ.”

ಇಷ್ಟು ಸಲೀಸಾಗಿ ಬಗೆಹರಿಯಿತಲ್ಲ ಎಂದು ಜಕ್ಕಪ್ಪನ ಮುಖ ಹಗುರಾಯಿತು. “ಕೊಡವಾ ತಾರೀ.”

“ಇದು ಕಲತೈತಿ ಅಪ್ಪಾ! ಇದು ಏನೂ ಮಾಡಿಲ್ಲ!” ಹುಡುಗಿ ಹಿಂದೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು. ಜಕ್ಕಪ್ಪ ಅವಳ ಬೆರಳು ಬಿಡಿಸಿ ಮರಿಯನ್ನು ಕಿತ್ತುಕೊಂಡು ಕೊಟ್ಟ. ಕಾಮಣ್ಣ ಅದನ್ನು ತನ್ನ ಹೊದಿಕೆಯನ್ನು ಚೀಲದಂತೆ ಗೊಪ್ಪೆ ಮಾಡಿ ಅದರೊಳಗೆ ಹಾಕಿಕೊಂಡ. ಒಳಗಿನಿಂದ ಅದು ಕುಂಯ್ಗುಟ್ಟಿತು.

“ಕಾಮಣ್ಣಾ, ಮರಿ ಕೆಳಗ ಬಿಡು,” ಎಂದಳು ಯಲ್ಲಕ್ಕ.

“ಯಾಕ ದೊಡ್ಡವ್ವಾ?”

“ಅದರದಲ್ಲ. ಸತ್ತಾವಂದೂ ಅಲ್ಲ. ನಂದು.”

ಯಾರಿಗೂ ತಿಳಿಯಲಿಲ್ಲ. ಮುದುಕಿ ಗೋಡೆ ಹಿಡಿದು ಎದ್ದು ನಿಂತು ಬಿಡಿಸಿ ಹೇಳಿದಳು: “ಉಚ್ಚಿ ನಂದು. ದೀಪಾವಳಿಗಿಂತ ಮೊದಲಿಂದ ನಂಗ ನಿಂದರವಲ್ದು. ಎಚ್ಚರ ಆಗೂದ್ರಾಗ ಹೋಗಿ ಬಿಟ್ಟಿರತೈತಿ. ಕಂಬಳ್ಯಾಗ ಮುಚ್ಚಿ ಮುಚ್ಚಿ ಇಟ್ಟೇನಿ. ಈ ಮರಿ ಬಂದ ದಿನಾ ನೆಲದ ಮ್ಯಾಲ ಹೊಯ್ದಾಗ ನಂಗ ನಗು ಬಂತು, ಇನ್ನ ಯಾರೂ ನನ್ನ ಮ್ಯಾಲ ಸಂಶೇ ತಗೊಳ್ಳೂದಿಲ್ಲ ಅಂತ. ನನ್ನ ಸಲವಾಗಿ ಹೊಡತಾ ತಿಂತು ಅದು.”

“ಅವ್ವಾ,” ಎಂದ ಜಕ್ಕಪ್ಪ. “ನಮಗ್ಯಾಕ ಹೇಳಲಿಲ್ಲ?”

“ನಿಮ್ಮಪ್ಪನ್ನ ಎಲ್ಲಿ ಒಯ್ದ ಹಾಕಿದ್ರಿ, ನಾ ನೋಡೇನಲ್ಲ.”

ಕಾಮಣ್ಣ ಒಬ್ಬರ ಮುಖದಿಂದ ಒಬ್ಬರ ಮುಖ ನೋಡಿದ. ಯಲ್ಲಕ್ಕ ಸೊಸೆಯ ಕಡೆ ತಿರುಗಿದಳು. “ನೀ ಇಟ್ಟ ನೀರೂ ನಾನ ಕುಡದೇನಿ. ಹೊತ್ತ ಮುಳಗಿದ ಮ್ಯಾಲ ನೀರ ಬಿಟ್ಟಿದ್ದೆ. ನೀರ ಕುಡೀಲಿಲ್ಲಂದ್ರ ಮೂಲಿ ಒಣಾ ಇರತೈತಿ ಅಂತ. ಗಂಟಲಾ ಒಣಗತಿತ್ತು. ನೀ ಅವಂಗ ಅಂತ ಇಟ್ಟಿದ್ದಿ, ನಾ ಕುಡದ್ನಿ. ಮರಿ ಬಿಟ್ಟಬಿಡ್ರಿ. ನಾ ಹೋಗತೇನಿ.”

ಬಗ್ಗಿ ತನ್ನ ಹಳೇ ಕಂಬಳಿಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಹಿಂಬಾಗಿಲ ಕಡೆ ಹೆಜ್ಜೆ ಹಾಕಿದಳು. “ನನ್ನ ಹೊತ್ತಗೊಂಡ ಹೋಗೂದು ಬ್ಯಾಡ. ನಂಗ ಇನ್ನೂ ಕಾಲ ಅದಾವು.”

ಸುಂದರವ್ವ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು. ಬಾಯಿಂದ ಬಂದದ್ದು ಬೈಗಳವೇ. “ಎಲ್ಲಿಗೆ ಹೊಂಟ್ರಿ? ಆ ಪತ್ರಾಸಿನ್ಯಾಗ ನೀವು ಹಾಸಿಗಿ ಹಾಕಿದ್ರ ನಾನೂ ಅಲ್ಲೇ ಬಂದ ಬೀಳತೇನಿ. ನಿಮ್ಮ ಮಗಾ ಇಬ್ರನ್ನೂ ನೋಡಲಿ! ಇಷ್ಟ ದಿನಾ ಹಸೀದಾಗ ಮಲಗೀರಿ. ಒಂದ ಮಾತ ಹೇಳಾಕ ಬಾಯಿ ಇರಲಿಲ್ಲೇನ್ರಿ ನಿಮಗ? ಅಷ್ಟ ಕೆಟ್ಟಾಕೇನ ನಾನು?”

ಕೇಳಿದ ಪ್ರಶ್ನೆಗೆ ಉತ್ತರ ತನಗೇ ಗೊತ್ತಿದ್ದುದರಿಂದ ಅವಳು ಅತ್ತೆಯ ಕಾಲ ಬಳಿ ಕುಸಿದು ಕೂತು ಜೋರಾಗಿ ಅತ್ತಳು. ಯಲ್ಲಕ್ಕ ಸೊಸೆಯನ್ನು ಎಬ್ಬಿಸಲಿಲ್ಲ. ದಾಟಿಯೂ ಹೋಗಲಿಲ್ಲ.

ಸಾವರಿಸಿಕೊಂಡ ಕಾಮಣ್ಣ ಮರಿಯನ್ನು ಕೆಳಗಿಟ್ಟು, ಹೊಸ ಕಂಬಳಿ ಬಿಚ್ಚಿ ಮೂಲೆಯಲ್ಲಿ ಹಾಸಲು ಹೋದ.

“ಅಲ್ಲಲ್ಲ,” ಎಂದಳು ಯಲ್ಲಕ್ಕ. “ಅಂವಾ ಇಲ್ಲಿ ಸತ್ತಿಲ್ಲ.”

ಕಾಮಣ್ಣನ ಕೈ ನಿಂತಿತು. ಜಕ್ಕಪ್ಪನನ್ನು ನೋಡಿದ. ಜಕ್ಕಪ್ಪ ತಲೆ ತಗ್ಗಿಸಿದ. ಆಮೇಲೆ ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು, ತಾನೇ ಮುಂದಾಗಿ ಹಿತ್ತಲಕ್ಕೆ ನಡೆದು, ಪತ್ರಾಸಿನ ಬಾಗಿಲು ತೆಗೆದ. ಒಳಗೆ ಕುಳ್ಳಿನ ರಾಶಿಯ ಹಿಂದೆ ಮಂಚ ಹಾಗೇ ಇತ್ತು. ಮಂಚದ ಕೆಳಗೆ ಒಂದು ಅಲ್ಯುಮಿನಿಯಂ ಲೋಟ ಬೋರಲು ಬಿದ್ದಿತ್ತು. ಜಕ್ಕಪ್ಪ ಲೋಟವನ್ನು ಎತ್ತಿ ಅಂಗಿಯಿಂದ ಒರೆಸುತ್ತ ಅಲ್ಲೇ ನಿಂತುಬಿಟ್ಟ. ಮಗ ಗಂಡಸಾದ ಮೇಲೆ ಅವನು ಅತ್ತದ್ದನ್ನು ಯಲ್ಲಕ್ಕ ಅಂದೇ ನೋಡಿದ್ದು.

ಕಂಬಳಿಯನ್ನು ಅಲ್ಲೇ ಹಾಸಿದರು. ಭಂಡಾರ ಹಾರಿಸಿದರು. ಎಡೆ ಇಟ್ಟು, ಕೊಡದ ನೀರನ್ನು ಆ ಲೋಟಕ್ಕೇ ತುಂಬಿ ಇಟ್ಟರು. ಮಂದಿ ಹೊರಗೆ ಬಂದ ಮೇಲೆ ಬಾಗಿಲು ತೆರೆದೇ ಇರಲಿ ಎಂದಳು ಸುಂದರವ್ವ. ಮಧ್ಯಾಹ್ನ ಅವಳು ಅತ್ತೆಯ ಹಳೇ ಕಂಬಳಿಯನ್ನು ಕಲ್ಲಿಗೆ ಹಾಕಿ ತೊಳೆದಳು. ಕಾಮಣ್ಣ ಬಾಯಿ ತೆರೆಯಲು ಹೋಗಿ, ಅವಳ ಮುಖ ನೋಡಿ ಎಲೆಅಡಿಕೆ ಹಾಕಿಕೊಂಡ. ಸಂಜೆಯ ಬಸ್ಸಿಗೆ ಬರಿಗೈಲಿ ಹೋದ.

ಮರುದಿನ ಇನ್ನೂ ನಸುಕಿರುವಾಗಲೇ ಸುಂದರವ್ವ ಎದ್ದು ಮರಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಮೂಲೆಗೆ ಬಂದು ಬಲಗೈ ಚಾಚಿದಳು.

“ಏಳ್ರಿ ಅತ್ತಿ. ಹೊರಗ ಹೋಗಿ ಬರೂಣು.”

ಯಲ್ಲಕ್ಕ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಹಿಡಿದು ಎದ್ದಳು. ಹಿತ್ತಲಲ್ಲಿ ಮಂಜು ಬಿದ್ದಿತ್ತು. ಮರಿ ನುಗ್ಗೆಗಿಡದ ಬುಡಕ್ಕೆ ಹೋಯಿತು, ಮುದುಕಿ ಬಚ್ಚಲಿನ ಗೋಡೆಯ ಮರೆಗೆ ಹೋದಳು. ಸುಂದರವ್ವ ಅವಸರ ಮಾಡದೆ ನಿಂತಳು. ಇಂದು ಅವಳು ಪತ್ರಾಸಿಗೆ ಮುಖ ಮಾಡಿಯೇ ನಿಂತಿದ್ದಳು. ಮರಿ ಓಡಿ ಬಂದಾಗ ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟಳು. ಅಷ್ಟರಲ್ಲಿ ಯಲ್ಲಕ್ಕನೂ ಬಂದು ಅಂಗೈ ಮುಂದೆ ಮಾಡಿದಳು.

“ನಂಗಿಲ್ಲೇನ ಬೆಲ್ಲಾ?”

ಸುಂದರವ್ವನಿಗೆ ಅಳುವಿನ ಜೊತೆಗೇ ನಗು ಬಂತು. ಗಂಟಿನಲ್ಲಿದ್ದ ದೊಡ್ಡ ಚೂರನ್ನೇ ಆರಿಸಿ ಆ ಅಂಗೈಯಲ್ಲಿಟ್ಟಳು. ಮುದುಕಿ ಅದನ್ನು ಬಾಯಿಗೆ ಹಾಕಿಕೊಂಡು ಪತ್ರಾಸಿನ ತೆರೆದ ಬಾಗಿಲ ಕಡೆ ನೋಡುತ್ತ ನಿಧಾನವಾಗಿ ಚೀಪಿದಳು. ಒಳಗೆ ಹೊಸ ಕಂಬಳಿಯ ಮೇಲೆ ಲೋಟದ ನೀರು ಇಟ್ಟ ಹಾಗೇ ತುಂಬಿತ್ತು.

“ಅವಂಗೂ ಇಷ್ಟೇ ಬೇಕಾಗಿತ್ತವಾ,” ಎಂದಳು ಯಲ್ಲಕ್ಕ.

ಸುಂದರವ್ವ ಮರಿಯನ್ನು ಎತ್ತಿಕೊಂಡಳು, ಅತ್ತೆಯ ಕೈ ಹಿಡಿದಳು, ಪತ್ರಾಸಿನ ಮುಂದಿನಿಂದ ಹಾದು ಇಬ್ಬರನ್ನೂ ಒಳಗೆ ಕರೆದುಕೊಂಡು ಬಂದಳು.